ಪಾಡ್ಯದಿಂದ ಹತ್ತನೆಯ ದಿನ

ಅಕ್ಕನ ಹೊಲದ ಬದುವಿಗೆ ಅಂಟಿಕೊಂಡಂತೆ, ಪಕ್ಕದವರ ಹೊಲದಲ್ಲಿ ಒಂದು ಬಾವಿಯಿತ್ತು. ಯಲಬುರ್ಗಾ ಕಡೆಯ ಊರು, ಮಸಾರಿಯ ಕೆಂಪು ನೆಲ, ಮಳೆಯನ್ನೇ ನಂಬಿದ ಬೇಸಾಯ. ಮದುವೆಯಾಗಿ ಹೋದ ದಿನದಿಂದ ಅಕ್ಕ ಆ ಬಾವಿಯ ಗಾಲಿ ಕಿರುಗುಟ್ಟುವುದನ್ನು ಕೇಳುತ್ತ ತನ್ನ ಒಣ ಹೊಲದಲ್ಲಿ ಕಳೆ ತೆಗೆದಿದ್ದಳು. ನಾನು ಹೇಳುತ್ತಿರುವ ವರ್ಷ ಪಕ್ಕದವರು ಬಾವಿಸಹಿತ ಎರಡು ಎಕರೆ ಮಾರಲು ತಯಾರಾದರು. ದೀಪಾವಳಿಯ ಮುಂದಿನ ಗೌರಿ ಹುಣ್ಣಿಮೆಯವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟರು. ಭಾವ ಕಡಿಮೆ ಮಾತಿನವರು, ವ್ಯವಹಾರವೆಲ್ಲ ಅಕ್ಕನದು. ಅವಳ ಕೈಯಲ್ಲಿದ್ದದ್ದು ಆ ವರ್ಷದ ಶೇಂಗಾ. ಅದನ್ನು ಯಾವಾಗ ಮಾರಬೇಕು ಎಂದು ಕೇಳಲು ಅವಳಿಗೆ ಕೊಪ್ಪಳದಲ್ಲಿ ಒಬ್ಬ ತಮ್ಮನಿದ್ದ. ಆ ತಮ್ಮ ನಾನು.

ನಾನು ಶಾಲೆಯಲ್ಲಿ ಗಣಿತ ಮತ್ತು ಕವಾಯತು ಕಲಿಸುತ್ತಿದ್ದೆ. ಗಣಿತದ ಮಾಸ್ತರನಿಗೂ ಶೇಂಗಾಕ್ಕೂ ಏನು ಸಂಬಂಧ ಎಂಬುದನ್ನು ಮೊದಲು ಹೇಳಬೇಕು.

ಪೇಟೆಯಲ್ಲಿ ಒಬ್ಬ ಸಾಹುಕಾರರ ಅಡತಿ ಅಂಗಡಿಯಿತ್ತು. ರೈತರು ತಂದ ಮಾಲನ್ನು ಇಟ್ಟುಕೊಂಡು, ಕೊಳ್ಳುವವರನ್ನು ಹುಡುಕಿ ಮಾರಿಸಿಕೊಡುವುದು ಅವರ ಕೆಲಸ. ಆ ಸಾಹುಕಾರರಿಗೆ ಮುಂಬಯಿಯಿಂದ ದಿನಾ ತಂತಿಯಲ್ಲಿ ಒಂದು ತಾರು ಬರುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ಹಿಂದಿನ ದಿನದ ಶೇಂಗಾ ಧಾರಣೆ ಮಾತ್ರ. ಅವರು ಅದನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆಸುತ್ತಿದ್ದರು. ಗೋಡೆ ತುಂಬಿದಾಗ ಸುಣ್ಣ ಬಳಿಸುತ್ತಿದ್ದರು. ಒಮ್ಮೆ ನಾನು ಮಕ್ಕಳಿಗಾಗಿ ಚೌಕಳಿ ಕಾಗದದ ಮೇಲೆ ಊರಿನ ಮಳೆಯ ಲೆಕ್ಕವನ್ನು ಗೆರೆಯಾಗಿ ಎಳೆದು ಶಾಲೆಯ ಬಾಗಿಲಿಗೆ ಅಂಟಿಸಿದ್ದನ್ನು ಅವರು ನೋಡಿದರು. ಮರುದಿನವೇ ಕರೆಸಿದರು.

“ಮಾಸ್ತರ್ರ, ಮಳಿ ಏರಿದ್ದು ಇಳಿದದ್ದು ನಿಮ್ಮ ಕಾಗದದಾಗ ಕಣ್ಣಿಗೆ ಕಾಣ್ತೈತಿ. ನಮ್ಮ ರೇಟು ಹಂಗ ಕಾಣೂವಂಗ ಮಾಡ್ರಿ.”

ಮಾಡಿದೆ. ಅಡ್ಡಕ್ಕೆ ಒಂದು ಮನೆಯೆಂದರೆ ಒಂದು ದಿನ, ಉದ್ದಕ್ಕೆ ಒಂದು ಮನೆಯೆಂದರೆ ಎರಡಾಣೆ. ಶಾಲೆ ಬಿಡುವುದು ನಾಲ್ಕೂವರೆಗೆ, ಅಂಚೆ ಕಚೇರಿಯಲ್ಲಿ ತಾರು ಪಡೆಯುವುದು ನಾಲ್ಕೂ ನಲವತ್ತಕ್ಕೆ, ಅಂಗಡಿ ಮುಟ್ಟುವುದು ಐದಕ್ಕೆ. ಐದೂ ಐದಕ್ಕೆ ಚುಕ್ಕೆ ಇಟ್ಟು, ನಿನ್ನೆಯ ಚುಕ್ಕೆಗೆ ಕಪ್ಪು ಮಸಿಯಿಂದ ಸೇರಿಸುವುದು. ತರಬೇತಿ ಶಾಲೆಯ ವಸತಿಯಲ್ಲಿ ದಿನಕ್ಕೆ ಆರು ಸಲ ಹೊಡೆಯುವ ಗಂಟೆಯ ಸದ್ದಿಗೆ ಎದ್ದು, ಉಂಡು, ಓದಿ, ಮಲಗಿ ಬೆಳೆದವನು ನಾನು. ಈ ಕೆಲಸ ನನಗೆ ಹೊಂದಿಕೊಂಡಿತು. ನವಾಬರ ಸರಕಾರವಾದ್ದರಿಂದ ನಮ್ಮ ಶಾಲೆಗೆ ಶುಕ್ರವಾರ ರಜೆ, ಮುಂಬಯಿ ಪೇಟೆಗೆ ಭಾನುವಾರ ರಜೆ. ಹೀಗಾಗಿ ವಾರದಲ್ಲಿ ಒಂದು ದಿನವೂ ಪೂರ್ತಿ ಬಿಡುವಿರಲಿಲ್ಲ. ತಾರು ಬಾರದ ದಿನ ಚುಕ್ಕೆಯಿಲ್ಲದ ಮನೆಯನ್ನು ನೋಡಿದರೆ ನನಗೆ ಕೂರಲಾಗುತ್ತಿರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಅಂಚೆ ಕಚೇರಿಯ ತನಕ ನಡೆದು ಬರುತ್ತಿದ್ದೆ.

ಗೆರೆ ಉದ್ದವಾದಂತೆ ಅದನ್ನು ನೋಡುವವರು ಹೆಚ್ಚಾದರು. ಸಂಜೆ ಐದಕ್ಕೆ ಅಂಗಡಿಯ ಕಟ್ಟೆಯ ಮೇಲೆ ಐದಾರು ಜನ ಸೇರುತ್ತಿದ್ದರು. ಎಲ್ಲರೂ ಪೇಟೆಯವರೇ. ಗಂಗಾವತಿಯಿಂದ ವಾರಕ್ಕೆರಡು ಸಲ ಬರುತ್ತಿದ್ದ ಒಬ್ಬ ಅಕ್ಕಿ ವ್ಯಾಪಾರಿ ಮಾತ್ರ ಹೊರಗಿನವನು. ಗೆರೆಯ ಆಕಾರಗಳಿಗೆ ಅವರೇ ಹೆಸರಿಟ್ಟುಕೊಂಡರು. ಏರಿ ಇಳಿದರೆ ಎತ್ತಿನ ಡುಬ್ಬ. ಇಳಿದು ಏರಿದರೆ ಹೊಂಡ. ಒಂದೇ ಎತ್ತರದಲ್ಲಿ ಎರಡು ಸಲ ತಡೆದು ನಿಂತರೆ ಹೊಸ್ತಿಲು. ಹೊಸ್ತಿಲು ದಾಟಿದರೆ ಕೊಳ್ಳಬೇಕು, ದಾಟದೆ ತಿರುಗಿದರೆ ಮಾರಬೇಕು. ಯಾವುದು ಡುಬ್ಬ, ಯಾವುದು ಬರಿಯ ಉಬ್ಬು ಎಂಬ ಬಗ್ಗೆ ದೇವರ ಆಣೆ ಹಾಕುವವರೆಗೂ ಜಗಳವಾಗುತ್ತಿತ್ತು.

ಕಟ್ಟೆಗೆ ಒಂದು ಕಟ್ಟಳೆಯಿತ್ತು. ಅದನ್ನು ಮಾಡಿದವರು ಸಾಹುಕಾರರು, ಕಾಪಾಡಿದವನು ನಾನು. ಕಾಗದ ಬಿಚ್ಚಿದ ಮೇಲೆ ಯಾರೂ ಸುದ್ದಿ ಮಾತಾಡುವಂತಿಲ್ಲ. ಎಲ್ಲಿ ಮಳೆ ಆಯಿತು, ಯಾವ ಊರಲ್ಲಿ ಬೆಳೆ ಹೇಗಿದೆ, ಎಷ್ಟು ಗಾಡಿ ಬಂದವು, ಇದೊಂದನ್ನೂ ಎತ್ತಬಾರದು. “ಇದ್ದ ಸುದ್ದಿ ಎಲ್ಲಾ ರೇಟಿನಾಗ ಬಂದುಬಿಟ್ಟಿರ್ತೈತಿ. ಮ್ಯಾಲ ನಾವು ಸುದ್ದಿ ಹೇಳಿದ್ರ, ಉಪ್ಪು ಹಾಕಿದ ಸಾರಿಗೆ ಮತ್ತ ಉಪ್ಪು ಹಾಕಿದಂಗ” ಎನ್ನುತ್ತಿದ್ದರು ಸಾಹುಕಾರರು. ಬಾಯಿ ತಪ್ಪಿ ಸುದ್ದಿ ಆಡಿದವನು ಅಂದಿನ ಚಹಾ ಕೊಡಿಸಬೇಕು. ಗಂಗಾವತಿಯವನು ಅತಿ ಹೆಚ್ಚು ಚಹಾ ಕೊಡಿಸಿದವನು.

ಕಾಗದಕ್ಕೆ ಯಾವ ಪಂಚಾಂಗ ಎಂಬ ಪ್ರಶ್ನೆ ಆರಂಭದಲ್ಲೇ ಬಂದಿತ್ತು. ಸರಕಾರದ್ದು ಕಂದಾಯದ ಫಸಲಿ ತಿಂಗಳು, ತಾರಿನ ಮೇಲೆ ಇಂಗ್ಲಿಷ್ ತಾರೀಖು, ರೈತರ ಲೆಕ್ಕ ಮಳೆಯ ನಕ್ಷತ್ರದ್ದು, ಅಂಗಡಿಯ ವರ್ಷ ದೀಪಾವಳಿ ಪಾಡ್ಯದಿಂದ. ನಾಲ್ಕೂ ನನಗೆ ಬರುತ್ತಿದ್ದವು, ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಕಾಗದ ಅಂಗಡಿಯದು, ಆದ್ದರಿಂದ ಅಂಗಡಿಯ ಲೆಕ್ಕವನ್ನೇ ಹಿಡಿದೆ. ಪಾಡ್ಯದ ಮೇಲೆ ಕೆಂಪು ಮಸಿಯಲ್ಲಿ ಉದ್ದ ಗೆರೆ. ಅದರಿಂದ ಮುಂದಕ್ಕೆ ಇಷ್ಟು ದಿನ, ಹಿಂದಕ್ಕೆ ಇಷ್ಟು ದಿನ.

ಎರಡು ವರ್ಷ ತುಂಬಿದ ಮೇಲೆ ಒಂದು ಶುಕ್ರವಾರ ನನಗೊಂದು ಯೋಚನೆ ಹೊಳೆಯಿತು. ಎರಡು ವರ್ಷದ ಗೆರೆಗಳನ್ನೂ ತೆಳು ಕಾಗದಕ್ಕೆ ಇಳಿಸಿ, ಅರಿವೆಯ ಚೂರಿನಿಂದ ಶೇಂಗಾ ಎಣ್ಣೆ ಸವರಿ ಒಣಗಿಸಿದೆ. ಕಾಗದ ಕನ್ನಡಿಯಂತಾಯಿತು. ಕೆಂಪು ಗೆರೆಯ ಮೇಲೆ ಕೆಂಪು ಗೆರೆ ಕೂರಿಸಿ, ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಗೆರೆ ದೀಪಾವಳಿಯವರೆಗೆ ಮೆಲ್ಲಗೆ ಏರಿದ್ದವು. ಪಾಡ್ಯದಿಂದ ಹತ್ತನೆಯ ದಿನಕ್ಕೆ ಎರಡೂ ಮುರಿದಿದ್ದವು. ಒಂದು ದಿನದ ಅಂತರವೂ ಇಲ್ಲ.

ಕಾಗದವನ್ನು ಕೆಳಗಿಟ್ಟು ಅಂಗಳ ಸುತ್ತಿ ಬಂದೆ, ಮತ್ತೆ ಹಿಡಿದು ನೋಡಿದೆ. ಹೆಂಡತಿ ಬಂದು ಇಣುಕಿದಳು.

“ಏನೈತಿ ಅದರಾಗ?”

“ಮುಂದಿನ ವರ್ಷ ಐತಿ.”

“ಎಣ್ಣಿ ಕೈ ಗ್ವಾಡಿಗೆ ಒರಸಬ್ಯಾಡ್ರಿ” ಎಂದು ಒಳಗೆ ಹೋದಳು.

ಎರಡನೆಯ ವರ್ಷ ಮಳೆ ಮುಂಚೆ ಬಂದು ಬೆಳೆಯೂ ಹತ್ತು ದಿನ ಮುಂಚೆ ಕೈಗೆ ಬಂದಿತ್ತು. ಆ ವರ್ಷದ ದೀಪಾವಳಿಯೂ ಹಿಂದಿನದಕ್ಕಿಂತ ಹತ್ತು ಹನ್ನೊಂದು ದಿನ ಮುಂಚೆ ಬಿದ್ದಿತ್ತು. ಈ ಎರಡು ತಾಳೆಯಾದದ್ದರಿಂದಲೇ ಗೆರೆಗಳು ಅಷ್ಟು ಚಂದ ಕೂತವು ಎಂಬುದು ನನಗೆ ಆಗ ತೋಚಲಿಲ್ಲ. ಬೆಳೆ ಬಂದದ್ದು ಸುದ್ದಿ. ಸುದ್ದಿ ನಮ್ಮ ಕಟ್ಟೆಯ ಮೇಲೆ ನಿಷಿದ್ಧ.

ಮೂರನೆಯ ವರ್ಷ. ಯುರೋಪಿನ ಯುದ್ಧಕ್ಕೆ ಇನ್ನೂ ಮೂರು ವರ್ಷವಿತ್ತು. ಮಳೆ ಹಿಂದಿನ ವರ್ಷದ ಹೊತ್ತಿಗೇ ಬಂತು. ಮಳೆಗಾಲದ ನಡುವೆ ಅತ್ತೆಯ ಮನೆಯವರು ಕುಷ್ಟಗಿಗೆ ಕರೆಸಿ, ಬೆಳ್ಳಿ ತಟ್ಟೆಯಲ್ಲಿ ಅಕ್ಕಿ ಬೆಲ್ಲದಲ್ಲಿ ಕರಿದ ಮೂವತ್ತಮೂರು ಅನಾರಸ ಇಟ್ಟು, ಮೇಲೊಂದು ದೀಪ ಹಚ್ಚಿ ಕೊಟ್ಟರು. ಆ ವರ್ಷ ಅಧಿಕ ಮಾಸ ಬಂದಿತ್ತು. ಅಳಿಯಂದಿರಿಗೆ ಮೂರು ವರ್ಷಕ್ಕೊಮ್ಮೆ ಸಿಗುವ ಮರ್ಯಾದೆ ಅದು. ನಾನು ಅನಾರಸಗಳನ್ನು ಎಣಿಸಿ ನೋಡಿದೆ, ಸರಿಯಾಗಿ ಮೂವತ್ತಮೂರಿದ್ದವು. ಕೊಪ್ಪಳಕ್ಕೆ ತಂದು ಕಟ್ಟೆಯವರಿಗೂ ಹಂಚಿದೆ. ಎಲ್ಲರೂ ತಿಂದರು.

ದಸರೆಯ ಬನ್ನಿ ಕೊಟ್ಟ ಮರುದಿನವೇ ಅಕ್ಕ ಎರಡು ಗಾಡಿ ಶೇಂಗಾ ತಂದಳು. ಅವಳ ಬೆಳೆ ಎಲ್ಲರಿಗಿಂತ ಮೊದಲು ಒಣಗಿತ್ತು. ಚೀಲಗಳನ್ನು ಸಾಹುಕಾರರ ಗೋದಾಮಿಗೆ ಇಳಿಸಿ, ನಮ್ಮ ಮನೆಗೆ ಬಂದು ಕಾಲು ತೊಳೆದು ಕೂತಳು.

“ತಮ್ಮಾ, ಇವತ್ತಿನ ರೇಟಿಗೆ ಮಾರಿದ್ರ ಬಾವಿ ಹೊಲಕ್ಕ ಸರಿಯಾಗ್ತೈತಿ. ಮಾರಿಬಿಡ್ಲೇನು?”

“ಅವರ ಗಾಲಿ ಅವರು ಒಯ್ತಾರ. ಎತ್ತು ಹೂಡಿ ನೀರೆತ್ತಾಕ ಗಾಲಿ, ಹಗ್ಗ, ತೊಗಲಿನ ಚೀಲ ಬ್ಯಾಡೇನು ನಿನಗ?”

“ಮೊದಲ ಬಾವಿ ಬರ್ಲಿ. ಆಮ್ಯಾಲ ಕೊಡದಿಂದ ಸೇದಿ ಹಾಕೇನು.”

ನಾನು ಎದ್ದು ಎಣ್ಣೆ ಕಾಗದ ತಂದು ಬೆಳಕಿಗೆ ಹಿಡಿದು ತೋರಿಸಿದೆ. ದೀಪಾವಳಿಯ ತನಕ ಗೆರೆ ಏರುತ್ತದೆ, ಪಾಡ್ಯದಿಂದ ಹತ್ತನೆಯ ದಿನ ಮುರಿಯುತ್ತದೆ. ಎಂಟನೆಯ ದಿನ ಮಾರಿದರೆ ಬಾವಿಯೂ ಬಂತು, ಗಾಲಿಯೂ ಬಂತು. ಗೌರಿ ಹುಣ್ಣಿಮೆಗೆ ಆಮೇಲೂ ಆರೇಳು ದಿನ ಇರುತ್ತದೆ. ಅಕ್ಕ ಕಾಗದದ ಮೇಲೆ ಬೆರಳಾಡಿಸಿ ಮೂಸಿ ನೋಡಿದಳು.

“ನನ್ನ ಶೇಂಗಾದ ಎಣ್ಣಿನ ಹಚ್ಚಿ ನನಗ ಜೋತಿಷ್ಯ ಹೇಳ್ತೀಯಲ್ಲ.”

“ಜೋತಿಷ್ಯ ಅಲ್ಲ ಅಕ್ಕಾ, ಗಣಿತ.”

“ಗಣಿತ ಅಂದ್ರ ಮುಗೀತು. ಸಣ್ಣಾಂವ ಇದ್ದಾಗ ರೊಟ್ಟಿನೂ ಅಳತಿ ಮಾಡಿ ತಿಂತಿದ್ದಿ. ನಿನ್ನ ಮಾತು ಕೇಳ್ತೀನಿ.” ಅಷ್ಟು ಹೇಳಿ ಸಂಜೆಯ ಗಾಡಿಗೇ ಹೊರಟಳು.

ಮೊದಲ ವಾರ ಗೆರೆ ನಾಲ್ಕು ಮನೆ ಏರಿತು. ನಾನು ಅಂಚೆ ಕಚೇರಿಗೆ ನಾಲ್ಕೂ ನಲವತ್ತರ ಬದಲು ನಾಲ್ಕೂ ಮೂವತ್ತೆಂಟಕ್ಕೆ ಮುಟ್ಟತೊಡಗಿದೆ. ಎರಡನೆಯ ವಾರದ ಮೊದಲಲ್ಲಿ ಗೆರೆ ಅಡ್ಡ ಬಿತ್ತು. ಮೂರು ದಿನ ಒಂದೇ ಮನೆಯಲ್ಲಿ ಕೂತಿತು. ಸಾಹುಕಾರರು ಹೊಸ್ತಿಲು ಎಂದರು. ಇನ್ನೊಬ್ಬರು ಉಸಿರು ತಗೊಳ್ಳುತ್ತಿದೆ ಎಂದರು. ಶಾಲೆಯಲ್ಲಿ ಕವಾಯತು ಮಾಡಿಸುತ್ತ ‘ನಿಲ್ಲು’ ಎನ್ನಬೇಕಾದಲ್ಲಿ ‘ನಡೆ’ ಎಂದೆ. ಮಕ್ಕಳು ಗೋಡೆಯ ತನಕ ನಡೆದು, ಗೋಡೆಗೆ ಮುಖ ಮಾಡಿ ನಿಂತರು.

ಆ ದಿನಗಳಲ್ಲಿ ಸ್ಟೇಶನ್ ರಸ್ತೆಯಲ್ಲಿ ಗಾಡಿಗಳ ಸಾಲು ಬೆಳೆಯುತ್ತಿತ್ತು. ನಾನು ದಿನವೂ ಅವುಗಳ ನಡುವೆ ದಾರಿ ಬಿಡಿಸಿಕೊಂಡೇ ಅಂಗಡಿಗೆ ಬರುತ್ತಿದ್ದೆ. ನನ್ನ ಚಪ್ಪಲಿಗೆ ಶೇಂಗಾ ಸಿಪ್ಪೆ ಅಂಟುತ್ತಿತ್ತು. ಕಟ್ಟೆ ಹತ್ತುವ ಮೊದಲು ಅದನ್ನು ಒರೆಸಿಕೊಳ್ಳುತ್ತಿದ್ದೆ.

ಒಂದು ಸಂಜೆ ಗಂಗಾವತಿಯವನು ಬಂದವನೇ ಕಟ್ಟೆಯ ಮೇಲೆ ಚಿಲ್ಲರೆ ಸುರಿದ.

“ಇವತ್ತಿನ ಚಾ ನಂದು. ಮೊದಲ ಕೊಟ್ಟೀನಿ, ಈಗ ಸುದ್ದಿ ಹೇಳ್ತೀನಿ ಕೇಳ್ರಿ. ಸ್ಟೇಶನ್ನಿನಿಂದ ಇಲ್ಲೀತನಕ ಗಾಡಿ ನಿಂತಾವು. ವ್ಯಾಗನ್ ಸಿಗವಲ್ಲವು. ಹ್ವಾದ ವರ್ಷ ಇಷ್ಟು ಗಾಡಿ ಬಂದದ್ದು ದೀಪಾವಳಿ ಆದ ಮ್ಯಾಲ.”

“ರೇಟಿನಾಗ ಬಂದಿರ್ತೈತಿ ಬಿಡೋ” ಎಂದರು ಸಾಹುಕಾರರು.

“ಬಂದಿಲ್ರಿ. ಇನ್ನೂ ಬರಬೇಕು. ಅದಕ್ಕ ಅಂಜಿಕಿ.”

“ನೀ ಅಕ್ಕಿ ನೋಡ್ಕೊ. ಶೇಂಗಾ ಮಾಸ್ತರ್ರು ನೋಡ್ಕೋತಾರ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾ ಬಂತು, ಅವನ ದುಡ್ಡಿನ ಚಹಾ ಕುಡಿದೆವು. ಅವನು ಹೇಳಿದ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಮನೆಗೆ ನಡೆಯುವಾಗ ಹುಡುಕಿದೆ, ಸಿಗಲಿಲ್ಲ. ಆದರೂ ಕಾಗದವನ್ನೇ ನಂಬಿದೆ.

ಎರಡು ದಿನ ಕಳೆದು ಗೆರೆ ಮುರಿಯಿತು. ದೀಪಾವಳಿಗೆ ಇನ್ನೂ ಒಂಬತ್ತು ದಿನ. ಒಂದೇ ದಿನದಲ್ಲಿ ಆರು ಮನೆ ಇಳಿದಿತ್ತು. ತಾರಿನಲ್ಲಿ ಅಂಕಿ ತಪ್ಪಿರಬೇಕೆಂದು ನಾನು ಅಂಚೆ ಕಚೇರಿಗೆ ಓಡಿ ಮತ್ತೊಮ್ಮೆ ಕೇಳಿ ಬಂದೆ. ತಪ್ಪಿರಲಿಲ್ಲ. ಮರುದಿನ ಮತ್ತೆ ನಾಲ್ಕು. ಯಲಬುರ್ಗಾ ಕಡೆಯ ಗಾಡಿಯವನೊಬ್ಬನ ಕೈಯಲ್ಲಿ ಅಕ್ಕ ಹೇಳಿ ಕಳಿಸಿದಳು: “ಇಲ್ಲಿ ಎಲ್ಲಾರೂ ರೇಟು ಬಿತ್ತು ಅಂತಾರ. ಏನ್ ಮಾಡ್ಲಿ?”

ಆಗ ಮಾರಿದ್ದರೂ ಬಾವಿಗೆ ಸ್ವಲ್ಪವೇ ಕಡಿಮೆ ಬೀಳುತ್ತಿತ್ತು. ಅಷ್ಟನ್ನು ನಾನೇ ಹೊಂದಿಸಬಹುದಿತ್ತು. ಆದರೆ ಕಟ್ಟೆಯ ಮೇಲೆ ಅದಕ್ಕೊಂದು ಹೆಸರು ತಯಾರಾಗಿತ್ತು. ಇದು ಸುಳ್ಳು ಹೊಂಡ, ಪಾಡ್ಯದೊಳಗೆ ತುಂಬಿಕೊಳ್ಳುತ್ತದೆ. ನಾನು ಗಾಡಿಯವನಿಗೆ ಹೇಳಿದೆ: “ತಡಿ ಅಂತ ಹೇಳು. ಇನ್ನೂ ದಿನ ಐತಿ.”

ದೀಪಾವಳಿ ಬಂತು. ಅಂಗಡಿಯಲ್ಲಿ ಹೊಸ ವಹಿಗೆ ಪೂಜೆ ಮಾಡಿ, ನಾನು ಹೊಸ ಕಾಗದದ ಮೇಲೆ ಕೆಂಪು ಗೆರೆ ಎಳೆದೆ. ಹೊಂಡ ತುಂಬಿಕೊಳ್ಳಲಿಲ್ಲ. ಎಂಟನೆಯ ದಿನ ಸಾಹುಕಾರರು ಏನೂ ಕೇಳದೆ ನನ್ನ ಮುಖ ನೋಡಿದರು. ನಾನು ಚುಕ್ಕೆ ಇಟ್ಟು ಮಸಿಕುಡಿಕೆ ಮುಚ್ಚಿದೆ. ಹತ್ತನೆಯ ದಿನ ನಾಲ್ಕೂಕಾಲಕ್ಕೇ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಗಂಟೆ ಹೊಡೆಯುವ ಮೊದಲು ತರಗತಿ ಬಿಟ್ಟದ್ದು ಅದೊಂದೇ ಸಲ. ತಾರಿನಲ್ಲಿ ನಿನ್ನೆಯದೇ ಅಂಕಿ ಇತ್ತು. ಆ ದಿನ ಏನೂ ಆಗಲಿಲ್ಲ. ಬೀಳಬೇಕಾದದ್ದು ಎಂದೋ ಬಿದ್ದು ಮುಗಿದಿತ್ತು.

ಬಿದ್ದ ಧಾರಣೆಗೆ ಮಾರಿದ ಅಕ್ಕನ ಶೇಂಗಾ ಬಾವಿ ಹೊಲಕ್ಕೆ ಸಾಲಲಿಲ್ಲ. ಗೌರಿ ಹುಣ್ಣಿಮೆಯಂದು ಪಕ್ಕದವರು ಬಾವಿ ಹೊಲವನ್ನು ಯಲಬುರ್ಗಾದ ಒಬ್ಬ ಅಂಗಡಿಯವನಿಗೆ ಬರೆದುಕೊಟ್ಟರು.

ಮುಂದಿನ ಶುಕ್ರವಾರ ಅಕ್ಕನ ಊರಿಗೆ ಹೋದೆ. ಮೂರೂ ವರ್ಷದ ಎಣ್ಣೆ ಕಾಗದಗಳನ್ನು ಸುರುಳಿ ಸುತ್ತಿ ಒಯ್ದಿದ್ದೆ. ತಪ್ಪು ಎಲ್ಲಾಯಿತೆಂದು ವಿವರಿಸಬೇಕೆಂದಿದ್ದೆ, ಆದರೆ ನನಗೇ ಗೊತ್ತಿರಲಿಲ್ಲ. ಅಕ್ಕ ಅಂಗಳದಲ್ಲಿ ಬಿತ್ತನೆಗೆ ಕಾಯಿ ಆರಿಸುತ್ತಿದ್ದಳು. ಭಾವ ನನ್ನನ್ನು ನೋಡಿ “ಬರ್ರಿ” ಎಂದಷ್ಟೇ ಹೇಳಿ ಎತ್ತು ಬಿಚ್ಚಲು ಹೋದರು.

“ಕುಂದ್ರು. ಏನದು ಸುರಳಿ?”

ನಾನು ಬಿಚ್ಚಿ ತೋರಿಸಿದೆ. ಇದು ಮೊದಲ ವರ್ಷದ್ದು, ಇದು ಎರಡನೆಯದು, ಎರಡೂ ಹತ್ತನೆಯ ದಿನಕ್ಕೆ ಮುರಿದಿವೆ. ಇದು ಈ ವರ್ಷದ್ದು, ಹತ್ತೊಂಬತ್ತು ದಿನ ಮೊದಲೇ ಮುರಿದಿದೆ. ಇದಕ್ಕೆ ಕಾರಣ ಸಿಗುತ್ತಿಲ್ಲ.

“ಈ ಕೆಂಪು ಗೆರಿ ಏನು?”

“ದೀಪಾವಳಿ ಪಾಡ್ಯ.”

ಅಕ್ಕ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. “ತಮ್ಮಾ, ಈ ವರ್ಷ ಭಾದ್ರಪದ ಎಷ್ಟು ಬಂದಿದ್ದವು?”

ನಾನು ಬೆರಳು ಮಡಚಿ ತಿಂಗಳು ಎಣಿಸತೊಡಗಿದೆ.

“ಎರಡು. ಅತ್ತಿ ಮನ್ಯಾಗ ಅನಾರಸ ತಿಂದು ಬಂದಿ. ದೀಪಾವಳಿ ಮುಂದಕ್ಕ ಹೋತು. ದೇವರು ಒಂದು ತಿಂಗಳು ಹೆಚ್ಚಿಗಿ ಪೂಜಿ ಮಾಡಿಸ್ಕೊಂಡ. ಶೇಂಗಾ ಏನು ಒಂದು ತಿಂಗಳು ಹೆಚ್ಚಿಗಿ ನೆಲದಾಗ ಮಲಗಿತ್ತೇನು? ಅದಕ್ಕ ದೀಪಾವಳಿ ಗೊತ್ತಿಲ್ಲ. ಅದು ಮಳಿ ಲೆಕ್ಕದಾಗ ಬೆಳೀತೈತಿ, ಸ್ವಾತಿ ಮಳಿಗೆ ಅದರ ಗಾಡಿ ಪೇಟಿಗೆ ಬರ್ತೈತಿ.”

“ನಿನಗ ಇದು ಗೊತ್ತಿದ್ರ, ಅವತ್ತ ಯಾಕ ಹೇಳಲಿಲ್ಲ?”

“ನೀ ಗಣಿತ ಅಂದಿ. ದೀಪಾವಳಿ ಲೆಕ್ಕ ಅಂತ ಎಲ್ಲಿ ಹೇಳಿದಿ? ಈ ಕೆಂಪು ಗೆರಿ ಏನಂತ ನಾನೂ ಕೇಳಲಿಲ್ಲ. ಅದು ನನ್ನ ತಪ್ಪು.”

ತಪ್ಪನ್ನು ಅವಳು ಹಾಗೆ ಸಲೀಸಾಗಿ ಅರ್ಧ ಮಾಡಿ ತನ್ನ ಪಾಲು ತೆಗೆದುಕೊಂಡದ್ದು ನನಗೆ ಬೈದದ್ದಕ್ಕಿಂತ ಕಷ್ಟವಾಯಿತು. ಪಕ್ಕದ ಹೊಲದಲ್ಲಿ ಗಾಲಿ ಕಿರುಗುಟ್ಟುತ್ತಿತ್ತು. ಹೊಸ ಮಾಲೀಕ ಆಗಲೇ ಉಳ್ಳಾಗಡ್ಡಿಗೆ ನೀರು ಬಿಟ್ಟಿದ್ದ. ನಾನು ಎದ್ದು ನಿಂತೆ, ಮತ್ತೆ ಕೂತೆ. ಅಕ್ಕ ರೊಟ್ಟಿ ತಟ್ಟಲು ಒಳಗೆ ಹೋದಳು.

ಶನಿವಾರ ಕಟ್ಟೆಯ ಮೇಲೆ ಎಲ್ಲವನ್ನೂ ಹೇಳಿದೆ. ಅಧಿಕ ಮಾಸ ಎಲ್ಲರ ಮನೆಯಲ್ಲೂ ಆಗಿತ್ತು. ಎಲ್ಲರೂ ದಾನ ಕೊಟ್ಟಿದ್ದರು, ತಿಂದಿದ್ದರು. ಕಾಗದದ ಮೇಲೆ ಮಾತ್ರ ಅದಕ್ಕೆ ಯಾರೂ ಜಾಗ ಬಿಟ್ಟಿರಲಿಲ್ಲ. ಕಡೆಗೆ ಸಾಹುಕಾರರು ಚಹಾ ತರಿಸಿದರು.

“ಈ ಚಾ ಯಾರ ಲೆಕ್ಕದ್ದು ಸಾವ್ಕಾರ್ರ?” ಎಂದ ಗಂಗಾವತಿಯವನು.

“ನಂದು. ನೀ ಅವತ್ತ ಕೊಡಿಸಿದ್ದನ್ನ ತಿರುಗಿ ಕೊಡಾಕತ್ತೀನಿ. ಕುಡಿ, ಹಲ್ಲು ಕಿಸೀಬ್ಯಾಡ.”

ಅಂದಿನಿಂದ ಕಾಗದದ ಕೆಳಗೆ ಇನ್ನೊಂದು ಸಾಲು ಬಂತು. ಮೃಗಶಿರದಿಂದ ವಿಶಾಖದವರೆಗೆ, ಅಧಿಕ ಮಾಸ ಬಂದರೂ ಜರುಗದ ಮಳೆಯ ಹೆಸರುಗಳು, ಹಸಿರು ಮಸಿಯಲ್ಲಿ. ಸುದ್ದಿಯ ಕಟ್ಟಳೆಯನ್ನು ಸಾಹುಕಾರರು ತೆಗೆಯಲಿಲ್ಲ. ದಂಡವನ್ನು ಮಾತ್ರ ತೆಗೆದರು, ಹೀಗಾಗಿ ಕಟ್ಟೆಯಲ್ಲಿ ಗದ್ದಲ ಹೆಚ್ಚಾಯಿತು. ಹಸಿರು ಸಾಲು ಕೆಲವು ವರ್ಷ ಸರಿಯಾಯಿತು, ಕೆಲವು ವರ್ಷ ತಪ್ಪಿತು. ಯುದ್ಧ ಬಂದ ಮೇಲೆ ಕೆಂಪೂ ಹಸಿರೂ ಎರಡೂ ನಡೆಯಲಿಲ್ಲ, ಧಾರಣೆ ತನ್ನ ದಾರಿ ಹಿಡಿಯಿತು. ಆದರೂ ಐದೂ ಐದಕ್ಕೆ ನಾನು ಚುಕ್ಕೆ ಇಡುತ್ತಲೇ ಇದ್ದೆ. ಚುಕ್ಕೆ ಇಡುವ ಮೊದಲು ಈ ಮನೆಯ ದಿನವನ್ನು ಯಾರ ಲೆಕ್ಕದಲ್ಲಿ ಎಣಿಸುತ್ತಿದ್ದೇನೆ ಎಂದು ಒಮ್ಮೆ ಕೇಳಿಕೊಳ್ಳುತ್ತಿದ್ದೆ. ಈಗಲೂ ಹೊಸ ಪಂಚಾಂಗ ಮನೆಗೆ ಬಂದಾಗ ಮೊದಲು ಅಧಿಕ ಮಾಸ ಇದೆಯೇ ಎಂದು ನೋಡುತ್ತೇನೆ. ನೋಡುವವರೆಗೆ ಕೂರಲಾಗುವುದಿಲ್ಲ.

ಅಕ್ಕನಿಗೆ ಆ ಬಾವಿ ಸಿಗಲಿಲ್ಲ. ತನ್ನ ಹೊಲದಲ್ಲಿ ಒಮ್ಮೆ ತೋಡಿಸಿದಳು, ಬಂಡೆ ಹತ್ತಿತು. ಹೊಸ ಮಾಲೀಕ ಕೆಟ್ಟವನಲ್ಲ. ಹೊಲಕ್ಕೆ ನೀರು ಕೊಡುತ್ತಿರಲಿಲ್ಲ, ಕುಡಿಯಲು ಸೇದಿಕೊಳ್ಳಲು ಅಡ್ಡಿ ಮಾಡುತ್ತಿರಲಿಲ್ಲ. ಪ್ರತಿ ವರ್ಷ ದಸರೆಗೆ ಮೊದಲು ನಾನು ಹಸಿರು ಸಾಲಿನ ಕಾಗದ ಹಿಡಿದು ಅವಳ ಮನೆಗೆ ಹೋಗುತ್ತಿದ್ದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ತನಗೆ ತಿಳಿದ ದಿನವೇ ಮಾರುತ್ತಿದ್ದಳು. ಕಾಗದ ಮಡಚಿ ಕೊಡುವ ಮೊದಲು ಪಕ್ಕದ ಬಾವಿಯಿಂದ ತಂದ ನೀರನ್ನು ತಂಬಿಗೆಯಲ್ಲಿ ತುಂಬಿ ನನ್ನ ಮುಂದೆ ಇಡುತ್ತಿದ್ದಳು.

“ಕುಡಿ ತಮ್ಮಾ. ಹತ್ತನೇ ದಿನದ ನೀರು.”

ನಾನು ಕುಡಿಯುತ್ತಿದ್ದೆ. ಸಿಹಿ ನೀರು. ತಂಬಿಗೆ ಖಾಲಿಯಾಗುವವರೆಗೆ ಅವಳು ನಿಂತು ನೋಡುತ್ತಿದ್ದಳು.